ಲಂಡನ್ ಬಜೆಟ್ಟು ಮತ್ತು ಪೆದ್ದಣ್ಣನ ಬ್ಲಾಡರು

ರಾಯದುರ್ಗದ ಮಾರುತಿ ಸ್ಪೋರ್ಟ್ಸ್ ಕ್ಲಬ್ಬಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಒಬ್ಬ ಅಧ್ಯಕ್ಷರು, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿ, ಹದಿನಾರು ಬೆತ್ತದ ಕುರ್ಚಿ, ಒಂದು ಗಾಜಿನ ಬೀರು, ಒಂದು ಫುಟ್ಬಾಲು, ಒಬ್ಬ ಜವಾನ. ಇಷ್ಟರಲ್ಲಿ ಮೈಬಗ್ಗಿಸಿ ದುಡಿಯುತ್ತಿದ್ದದ್ದು ಮಾತ್ರ ಫುಟ್ಬಾಲು ಮತ್ತು ಜವಾನ. ಅದರಲ್ಲೂ ಫುಟ್ಬಾಲು 1947ರ ಆಗಸ್ಟಿನಲ್ಲಿ, ಸ್ವಾತಂತ್ರ್ಯ ಬಂದ ನಾಲ್ಕನೇ ದಿನಕ್ಕೆ, ಜಾಲಿಮುಳ್ಳಿನ ಮೇಲೆ ಬಿದ್ದು ಉಸಿರು ಬಿಟ್ಟಿತು.

ಜವಾನನ ಹೆಸರು ಪೆದ್ದಣ್ಣ. ನೇಮಕಲ್ಲಿನ ಕಡೆಯ ಕುರಿ ಕಾಯುವ ಮನೆತನ. ಅಪ್ಪ ಬಳ್ಳಾರಿಯ ದಂಡಿಗೆ ಕುರಿ ಹೊಡೆದುಕೊಂಡು ಹೋಗುವಾಗ ಇವನೂ ಹಿಂದೆ ಹೋಗುತ್ತಿದ್ದ. ಅಲ್ಲಿ ಬಿಳಿ ಸೋಲ್ಜರುಗಳು ಮೈದಾನದಲ್ಲಿ ಚೆಂಡು ಒದೆಯುವುದನ್ನು ನೋಡುತ್ತ ನಿಂತ. ಮುಳ್ಳುಬೇಲಿಗೆ ಹಾರಿದ ಚೆಂಡನ್ನು ಹೆಕ್ಕಿ ಕೊಡುತ್ತ ಕೊಡುತ್ತ ಅದರ ಚರ್ಮ ಹೊಲಿಯುವುದನ್ನು, ಒಳಗಿನ ರಬ್ಬರಿನ ಬ್ಲಾಡರಿಗೆ ಗಾಳಿ ತುಂಬಿ ದಾರ ಬಿಗಿಯುವುದನ್ನು ಕಲಿತ. ಕುರಿಗಳ ವಿಧಿ ಬೇರೆ, ಅವು ದಂಡಿನ ಅಡುಗೆಮನೆಗೆ ಹೋದವು. ಪೆದ್ದಣ್ಣ ಮಾತ್ರ ತಿಂಗಳಿಗೆ ಹನ್ನೆರಡು ರೂಪಾಯಿಗೆ ಈ ಕ್ಲಬ್ಬಿಗೆ ಬಂದ.

ಹಗಲೆಲ್ಲ ಅವನು ‘ಲೇ ಪೆದ್ದಣ್ಣ’. ಕುರ್ಚಿ ಒರೆಸು, ಚಹಾ ತಾ, ಬೀಡಿ ತಾ. ಸಂಜೆ ಐದಕ್ಕೆ ಗೂಡ್ಸ್ ಶೆಡ್ಡಿನ ಹಮಾಲರು, ಮಗ್ಗದವರು, ಬಂಡಿ ಹೊಡೆಯುವವರು ಕ್ಲಬ್ಬಿನ ಹಿಂದೆ ಬೆಟ್ಟದ ಬುಡದ ಬಯಲಿಗೆ ಬಂದರೆ ಅವನು ‘ಪೆದ್ದಣ್ಣ ಮಾಸ್ಟರು’. ಬರಿಗಾಲಲ್ಲಿ ಆಡುವ ಇಪ್ಪತ್ತು ಮಂದಿ ಅವನ ಸಿಳ್ಳೆಗೆ ನಿಲ್ಲುತ್ತಿದ್ದರು, ಅವನ ಬೈಗುಳಕ್ಕೆ ಓಡುತ್ತಿದ್ದರು. ಅವನ ಇಡೀ ದಿನದಲ್ಲಿ ಅವನದು ಅಂತ ಇದ್ದದ್ದು ಆ ಒಂದು ತಾಸು. ಚೆಂಡು ಸತ್ತ ಮೇಲೆ ಆ ತಾಸೂ ಹೋಯಿತು.

ಹೊಸ ಬ್ಲಾಡರಿನ ಬೆಲೆ ಬಳ್ಳಾರಿಯ ಅಂಗಡಿಯಲ್ಲಿ ಒಂದೂಮುಕ್ಕಾಲು ರೂಪಾಯಿ. ಪೆದ್ದಣ್ಣ ಅಧ್ಯಕ್ಷ ಮೂಕಪ್ಪನವರ ಮುಂದೆ ಕೈಕಟ್ಟಿ ನಿಂತ. ಮೂಕಪ್ಪನವರದು ಶೇಂಗಾ ಮಂಡಿ. ಆ ಹೆಸರು ಇಟ್ಟವರು ಮುಂದೆ ಅವರ ಭಾಷಣ ಕೇಳಲು ಬದುಕಿರಲಿಲ್ಲವೆಂದು ಕಾಣುತ್ತದೆ, ಪುಣ್ಯವಂತರು.

“ಸಾವ್ಕಾರ್ರ, ಚೆಂಡಿಗೆ ಒಂದು ಬ್ಲಾಡರು ಬೇಕಾಗೈತ್ರಿ. ಆಟ ನಿಂತೈತಿ.”

“ಬ್ಲಾಡರು ಅಂತ ಬ್ಲಾಡರು! ದೇಶಕ್ಕ ಸ್ವಾತಂತ್ರ್ಯ ಬಂದೈತಿ, ಇವನಿಗೆ ಬ್ಲಾಡರಿನ ಚಿಂತಿ. ಮೀಟಿಂಗಿನ್ಯಾಗ ಇಡೋಣ ಬಿಡಲೇ.”

ಮೀಟಿಂಗಿನಲ್ಲಿ ಇಟ್ಟರು. ಕಾರ್ಯದರ್ಶಿ ಗೋಪಣ್ಣನವರು ಮಡಕಶಿರಾ ಕಡೆಯಿಂದ ಬಂದು ಇಲ್ಲಿ ವಕೀಲರ ಗುಮಾಸ್ತರಾಗಿದ್ದವರು, ಕಾಗದ ಕಂಡರೆ ಹಸಿದವರು ಅನ್ನ ಕಂಡಂತೆ ಕೈ ಚಾಚುವವರು. ಅವರು ದಪ್ಪ ಅಕ್ಷರದಲ್ಲಿ ‘ಇತರೆ ವಿಷಯಗಳು: ಬ್ಲಾಡರ್’ ಎಂದು ಕೊನೆಯ ಸಾಲಿಗೆ ಬರೆದುಕೊಂಡರು. ಆದರೆ ಕೊನೆಯ ಸಾಲಿಗೆ ಬರುವ ಮೊದಲೇ ಅವರು ಪೇಪರಿನಲ್ಲಿ ಓದಿದ ಒಂದು ಸುದ್ದಿ ಹೊರಗೆ ಬಂತು. ಮುಂದಿನ ವರ್ಷ ಲಂಡನ್ನಿನಲ್ಲಿ ಒಲಿಂಪಿಕ್ಸು, ಅದರಲ್ಲಿ ದೇಶದೇಶಗಳ ಫುಟ್ಬಾಲ್ ಪಂದ್ಯ, ನಮ್ಮ ದೇಶವೂ ಆಡುತ್ತದಂತೆ.

“ನಮ್ ಕ್ಲಬ್ಬಿಂದ ಒಬ್ರಾದ್ರೂ ಹೋಗ್ದೇ ಇದ್ರೆ ಮರ್ಯಾದೆ ಏನಾಯ್ತು ಹೇಳಿ” ಎಂದರು ಗೋಪಣ್ಣನವರು.

ಫುಟ್ಬಾಲನ್ನು ಒಮ್ಮೆಯೂ ಮುಟ್ಟದ ಮೂವರಿಗೂ ಒಮ್ಮೆಗೇ ಫುಟ್ಬಾಲಿನ ಮೇಲೆ ಪ್ರಾಣ ಬಂದುಬಿಟ್ಟಿತು. ಒಬ್ಬರು ಹೋಗುವುದೆಂದರೆ ಅಧ್ಯಕ್ಷರೇ. ಅಧ್ಯಕ್ಷರು ನೋಡಿದ್ದನ್ನು ಬರೆಯಲು ಕಾರ್ಯದರ್ಶಿ ಬೇಕು. ಅವರಿಬ್ಬರೂ ಖರ್ಚು ಮಾಡುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳಲು ಖಜಾಂಚಿ ಬೊಮ್ಮಪ್ಪನವರು ಬೇಕು. ಬೊಮ್ಮಪ್ಪನವರದು ಬಟ್ಟೆ ಅಂಗಡಿ, ಅಳತೆ ಕೋಲನ್ನು ಹಿಡಿದು ಹಿಡಿದು ಅವರಿಗೆ ಇಡೀ ಪ್ರಪಂಚ ಒಂದು ಗಿರಾಕಿಯಂತೆ ಕಾಣುತ್ತಿತ್ತು. ಮೂವರ ಹೆಸರೂ ಸರ್ವಾನುಮತದಿಂದ ಆಯ್ಕೆಯಾಯಿತು. ಮತ ಹಾಕಿದವರೂ ಆ ಮೂವರೇ. ಹೊತ್ತಾಯಿತೆಂದು ಬ್ಲಾಡರನ್ನು ಮುಂದಿನ ಮೀಟಿಂಗಿಗೆ ಹಾಕಿದರು.

ದುಡ್ಡು ಎಲ್ಲಿಂದ? ಅದಕ್ಕೆ ಮೂಕಪ್ಪನವರ ತಲೆ ಓಡಿತು. ಮಂಡಿಗೆ ಶೇಂಗಾ ತಂದ ರೈತನ ಲೆಕ್ಕದಲ್ಲಿ ಗುಡಿಗೆ, ಛತ್ರಕ್ಕೆ ಅಂತ ಚೀಲಕ್ಕೆ ಇಷ್ಟು ಧರ್ಮದ ಕಾಸು ಮುರಿದುಕೊಳ್ಳುವುದು ಹಳೆಯ ಪದ್ಧತಿ. ಇನ್ನು ಮೇಲೆ ಫುಟ್ಬಾಲಿಗೆ ಅಂತ ಇನ್ನೊಂದು ಕಾಲಾಣೆ ಮುರಿದರಾಯಿತು. ಹೀಗೆ ಸುತ್ತಿನ ಅರವತ್ತು ಹಳ್ಳಿಯ ರೈತರು ತಮಗೆ ತಿಳಿಯದಂತೆಯೇ ಮೂವರನ್ನು ಲಂಡನ್ನಿಗೆ ಕಳಿಸುವ ಪುಣ್ಯ ಕಟ್ಟಿಕೊಂಡರು.

ಆಮೇಲೆ ಶುರುವಾಯಿತು ನೋಡಿ, ಬಜೆಟ್ಟು! ಪ್ರತಿ ಭಾನುವಾರ ಮೀಟಿಂಗು. ಮೀಟಿಂಗೆಂದರೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಎರಡು ಸುತ್ತು ಚಹಾ. ಹಡಗಿಗೆ ಇಷ್ಟು, ಉಣ್ಣೆಯ ಕೋಟಿಗೆ ಇಷ್ಟು, ಮೂರು ಜೊತೆ ಬೂಟು, ಮೂರು ಹ್ಯಾಟು, ಒಂದು ದುರ್ಬೀನು. ಲಂಡನ್ನಿನಲ್ಲಿ ಇನ್ನೂ ಊಟಕ್ಕೆ ರೇಷನ್ನಂತೆ ಎಂದು ಗೋಪಣ್ಣನವರು ಪೇಪರು ಓದಿ ಹೇಳಿದರು.

“ಅವರಿಗೂ ನಮ್ಮಂಗ ಕೂಪನ್ನೇನ್ರಿ? ಇಲ್ಲಿಂದ ಹೊತ್ಕೊಂಡು ಹೋಗಿದ್ದೆಲ್ಲಾ ಎಲ್ಲಿ ಇಟ್ರಂತ್ರಿ?” ಎಂದು ಪೆದ್ದಣ್ಣ ಚಹಾ ಬಗ್ಗಿಸುತ್ತ ಕೇಳಿಬಿಟ್ಟ. ಯಾರೂ ನಗಲಿಲ್ಲ. ಊಟದ ಪ್ರಶ್ನೆ ಅಷ್ಟು ಗಂಭೀರವಾಗಿತ್ತು. ಒಣ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯುವುದೆಂದು ನಿರ್ಣಯವಾಯಿತು. ಮೂವರಿಗೆ ಮೂರು ತಿಂಗಳಿಗೆ ಸಾವಿರದ ಆರುನೂರ ಇಪ್ಪತ್ತು ರೊಟ್ಟಿ. ಬಡಿಯುವವರು ಯಾರು, ಇಡುವುದೆಲ್ಲಿ ಎನ್ನುವುದಕ್ಕೆ ಎರಡು ಭಾನುವಾರ ಹೋದವು. ಬಡಿಸಲು ಒಬ್ಬ ಆಳು ಬೇಕೆಂದು ಪೆದ್ದಣ್ಣನ ಹೆಸರನ್ನೂ ಬರೆದರು. ಮುಂದಿನ ವಾರ ಬೊಮ್ಮಪ್ಪನವರು ಅವನಿಗೆ ಅರ್ಧ ಟಿಕೀಟು ಕೊಡುತ್ತಾರೋ ಹೇಗೆ ಎಂದು ವಿಚಾರಿಸಬೇಕೆಂದರು. ಅದರ ಮುಂದಿನ ವಾರ ಹೆಸರು ಹೊಡೆದುಹಾಕಿದರು.

ಮನೆಯಲ್ಲಿ ಪೆದ್ದಣ್ಣನ ಹೆಂಡತಿ ಚೌಡಕ್ಕನಿಗೆ ಇದೊಂದು ಹಬ್ಬ.

“ಲಂಡನ್ನಿಗೆ ಹೊಂಟೋರು ಮದ್ಲು ಬಾವಿಗೆ ಹೋಗಿ ಎರಡು ಕೊಡ ನೀರು ತರ್ರಿ. ಹಡಗು ಬಂದ್ರ ನಾ ನಿಲ್ಸಿರ್ತೀನಿ.”

“ನನ್ನ ಹೆಸರು ಹೊಡೆದು ಹಾಕ್ಯಾರ ಬಿಡು.”

“ಅಯ್ಯ, ಹೌದಾ? ಹಂಗಾರ ನಾಕು ಕೊಡ ತರ್ರಿ.”

ಪೆದ್ದಣ್ಣ ನಕ್ಕ. ಲಂಡನ್ನಿನ ಆಸೆ ಅವನಿಗೆ ಎಂದೂ ಇರಲಿಲ್ಲ. ಅವನಿಗೆ ಸಂಕಟವಾಗುತ್ತಿದ್ದದ್ದು ಬೇರೆ. ಹಮಾಲರ ಮುಖಂಡ ಬೋರಪ್ಪ ದಾರಿಯಲ್ಲಿ ಸಿಕ್ಕರೆ ಸಾಕು, “ಮಾಸ್ಟರ, ಚೆಂಡು?” ಎನ್ನುತ್ತಿದ್ದ. ಪೆದ್ದಣ್ಣ ಸೈಕಲ್ ಟ್ಯೂಬಿನ ತೇಪೆ ಹಚ್ಚಿ ನೋಡಿದ, ಅರ್ಧ ತಾಸಿಗೆ ಬಿಟ್ಟುಕೊಂಡಿತು. ಬೋರಪ್ಪನೇ ತನ್ನವರಿಂದ ಕಾಸು ಕೂಡಿಸಿ ಒಂದೂಮುಕ್ಕಾಲು ರೂಪಾಯಿ ತಂದು ಕೊಟ್ಟ. ಪೆದ್ದಣ್ಣ ಸಂತೋಷದಿಂದ ಗೋಪಣ್ಣನವರ ಹತ್ತಿರ ಓಡಿದ.

“ಅದೆಂಗಾಗುತ್ತಯ್ಯಾ? ಕ್ಲಬ್ಬಿನ ಆಸ್ತಿಗೆ ಹೊರಗಿನೋರ ದುಡ್ಡು ಸೇರ್ಸೋ ಹಂಗಿಲ್ಲ ಕಣಯ್ಯಾ. ನಾಳೆ ಚೆಂಡು ನಮ್ದು ಅಂದ್ಬಿಟ್ರೆ?”

ದುಡ್ಡು ವಾಪಸು ಕೊಡುವಾಗ ಪೆದ್ದಣ್ಣನಿಗೆ ಬೋರಪ್ಪನ ಮುಖ ನೋಡಲಾಗಲಿಲ್ಲ. ಬಯಲಿಗೆ ಬರುತ್ತಿದ್ದವರು ಈಗ ಶೆಡ್ಡಿನ ಹಿಂದೆ ಇಸ್ಪೀಟಿಗೆ ಕೂತರು. ‘ಮಾಸ್ಟರ’ ಎನ್ನುವುದು ಮೊದಲು ‘ಪೆದ್ದಣ್ಣ’ ಆಯಿತು, ಆಮೇಲೆ ಅದೂ ಇಲ್ಲದೆ ಬರಿ ತಲೆ ಅಲ್ಲಾಡಿಸುವುದಾಯಿತು. ಅವನಿಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿತ್ತು.

ಇತ್ತ ಬಜೆಟ್ಟಿಗೆ ಆತುರವೇನೂ ಇರಲಿಲ್ಲ. ಪಾಸ್‌ಪೋರ್ಟು ಹೇಗೆ ಮಾಡಿಸುವುದೆಂದು ಕೇಳಲು ಮೂವರೂ ಬಳ್ಳಾರಿಗೆ ಹೋಗಿಬಂದರು. ಬಳ್ಳಾರಿಯವರು ಮದ್ರಾಸಿನಲ್ಲಿ ಕೇಳಿ ಎಂದರು, ಮದ್ರಾಸಿಗೆ ಹೋಗಿಬಂದರು. ಅಲ್ಲಿಂದ ಅರ್ಜಿಯ ಫಾರಮು ತಂದರು. ಫಾರಮು ತುಂಬುವ ಮೊದಲು ಹಡಗು ಗಟ್ಟಿಯಾಗಿದೆಯೋ ಇಲ್ಲವೋ ಕಣ್ಣಾರೆ ನೋಡಬೇಕೆಂದು ಬೊಮ್ಮಪ್ಪನವರು ಪಟ್ಟು ಹಿಡಿದರು. ಸರಿ, ಮೂವರೂ ಬೊಂಬಾಯಿಗೆ ಹೋಗಿ ಎಂಟು ದಿನ ಇದ್ದು ಬಂದರು. ‘ಹಡಗು ಗಟ್ಟಿಮುಟ್ಟಾಗಿದೆ, ನೀರು ಮಾತ್ರ ಜಾಸ್ತಿ’ ಎಂಬ ವರದಿ ಪುಸ್ತಕದಲ್ಲಿ ದಾಖಲಾಯಿತು. ಅರ್ಜಿ ಹೋದದ್ದು ಮೇ ತಿಂಗಳ ಕೊನೆಗೆ.

ಜೂನ್ ಮುಗಿಯುತ್ತ ಬಂತು. ಪಾಸ್‌ಪೋರ್ಟು ಬರಲಿಲ್ಲ, ಆಷಾಢ ಬರುತ್ತಿತ್ತು. ಆಷಾಢದಲ್ಲಿ ಹೊರಡುವಂತಿಲ್ಲ. ಪುರೋಹಿತರು ದಾರಿ ತೋರಿಸಿದರು: ಒಳ್ಳೆಯ ಮುಹೂರ್ತಕ್ಕೆ ಪ್ರಸ್ಥಾನ ಇಟ್ಟುಬಿಡಿ. ಅಂದರೆ ಹೊರಡುವವರ ಗಂಟುಮೂಟೆಯನ್ನು ಆ ಗಳಿಗೆಗೆ ಬೇರೆ ಮನೆಗೆ ಸಾಗಿಸಿಟ್ಟರೆ ಪ್ರಯಾಣ ಶುರುವಾದ ಹಾಗೆಯೇ, ಮನುಷ್ಯರು ಆಮೇಲೆ ಹೋದರೂ ದೋಷವಿಲ್ಲ. ಎಲ್ಲರಿಗೂ ಒಪ್ಪಿಗೆಯಾಯಿತು. ಫೋಟೋ ತೆಗೆಸಬೇಕಲ್ಲ, ಫುಟ್ಬಾಲಿಲ್ಲದೆ ಫುಟ್ಬಾಲಿನ ಫೋಟೋ ಹೇಗೆ? ಮದ್ರಾಸಿನಿಂದ ಹದಿನೆಂಟು ರೂಪಾಯಿಯ ಹೊಸ ಚೆಂಡು ಬಂತು.

ಪಾರ್ಸಲು ಬಿಚ್ಚಿದ್ದು ಪೆದ್ದಣ್ಣನೇ. ಹೊಸ ಚರ್ಮದ ವಾಸನೆ ಮೂಗಿಗೆ ಬಡಿದಾಗ ಅವನ ಕಣ್ಣಲ್ಲಿ ನೀರು ಬಂತು. ನಿಂತ ಕಾಲಲ್ಲಿ ಶೆಡ್ಡಿಗೆ ಓಡಿ ಬೋರಪ್ಪನಿಗೆ ಹೇಳಿದ: “ಬಂತಲೇ! ಫೋಟೋ ಮುಗೀಲಿ, ನಾಳಿ ಸಂಜಿಗೆ ಎಲ್ಲಾರೂ ಬರ್ರಿ.”

ಮರುದಿನ ಮುಹೂರ್ತಕ್ಕೆ ಮೂರು ಟ್ರಂಕು, ಮೂರು ಹ್ಯಾಟು, ಬೂಟು, ಚೆಂಡು ಎಲ್ಲವನ್ನೂ ಮಣೆಯ ಮೇಲೆ ಇಟ್ಟು ಪೂಜೆ ಮಾಡಿದರು. ಅರಿಶಿನ, ಕುಂಕುಮ, ಹೂವು, ಕಾಯಿ, ಮಂಗಳಾರತಿ, ಕೊನೆಗೆ ಫೋಟೋ. ಡೋಲು ಬಡಿಸಿ, ಸನಾಯಿ ಊದಿಸಿಕೊಂಡು ಟ್ರಂಕುಗಳು ಮೂಕಪ್ಪನವರ ಮನೆಯಿಂದ ಹೊರಟು, ಎದುರುಮನೆಯ ಬೊಮ್ಮಪ್ಪನವರ ಪಡಸಾಲೆಗೆ ಹೋಗಿ ಸೇರಿದವು. ಲಂಡನ್ನಿನ ದಾರಿಯಲ್ಲಿ ಆ ಯಾತ್ರೆ ಸಾಗಿದ್ದು ಅಷ್ಟೇ ದೂರ.

ಸಂಜೆ ಪೆದ್ದಣ್ಣ ಚೆಂಡು ತೆಗೆದುಕೊಳ್ಳಲು ಹೋದ. ಮೂಕಪ್ಪನವರು ಹೌಹಾರಿದರು.

“ತಲಿ ನೆಟ್ಟಗೈತೇನಲೇ? ಪೂಜಿ ಮಾಡಿದ ಚೆಂಡಿಗೆ ಕಾಲು ಹಚ್ತಾರೇನು?”

“ಚೆಂಡು ಇರೋದ ಅದಕ್ಕಲ್ಲೇನ್ರಿ, ಸಾವ್ಕಾರ್ರ?”

“ಬಾಯಿ ಮುಚ್ಚು! ಬೀರುದಾಗ ಇಟ್ಟು ಕೀಲಿ ಹಾಕು.”

ಬೀರುವಿನ ಕೀಲಿ ಇರುತ್ತಿದ್ದದ್ದು ಪೆದ್ದಣ್ಣನ ಉಡಿದಾರದಲ್ಲೇ. ತನ್ನ ಕೈಯಾರೆ ಇಟ್ಟು ಕೀಲಿ ಹಾಕಿದ. ಬಯಲಲ್ಲಿ ಇಪ್ಪತ್ತು ಮಂದಿ ಕಾದು ಕಾದು, ಅವನನ್ನು ಬಾಯಿಗೆ ಬಂದಂತೆ ಬೈದು, ಎದ್ದುಹೋದರು.

ಪಾಸ್‌ಪೋರ್ಟು ಬರಲೇ ಇಲ್ಲ, ಬಂದಿದ್ದರೂ ಧರ್ಮದ ಕಾಸೆಲ್ಲ ಬೊಂಬಾಯಿಯ ನೀರು ನೋಡುವುದರಲ್ಲೇ ತೀರಿತ್ತು. ಆಗಸ್ಟಿನ ಮೊದಲ ವಾರ ಹಳೆಯ ಪೇಪರು ಬಂತು. ಗೋಪಣ್ಣನವರು ಗಟ್ಟಿಯಾಗಿ ಓದಿದರು: ನಮ್ಮವರು ಫ್ರಾನ್ಸಿನ ಎದುರು ಎರಡಕ್ಕೆ ಒಂದರಂತೆ ಸೋತರು. ಎರಡು ಪೆನಾಲ್ಟಿ ಕೈತಪ್ಪಿದವು. ನಮ್ಮ ಆಟಗಾರರಲ್ಲಿ ಬಹಳ ಮಂದಿ ಆಡಿದ್ದು ಬರಿಗಾಲಲ್ಲಿ.

“ಬರಿಗಾಲು! ಥೂ, ಜಗತ್ತಿನ ಮುಂದ ಮಾನ ಕಳದ್ರು” ಎಂದರು ಬೊಮ್ಮಪ್ಪನವರು. ಅವರ ಬೂಟು ಅವರದೇ ಪಡಸಾಲೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಚಹಾದ ತಟ್ಟೆ ಹಿಡಿದು ನಿಂತ ಪೆದ್ದಣ್ಣ ತನ್ನ ಕಾಲು ನೋಡಿಕೊಂಡ. ಬರಿಗಾಲಲ್ಲಿ ಲಂಡನ್ನಿನವರೆಗೂ ಹೋಗಿ ಒಂದು ಗೋಲು ಹೊಡೆದು ಬಂದವರಿದ್ದಾರೆ. ತನಗೆ ಈ ಗಾಜಿನ ಬೀರುವಿನವರೆಗೆ ಹೋಗುವ ಧೈರ್ಯವಿಲ್ಲವೇ?

ಮನೆಗೆ ಹೋಗಿ ಹಳೆಯ ಚೆಂಡಿನ ಚರ್ಮ ತೆಗೆದ. ಬ್ಲಾಡರಿನ ಬದಲು ಕುರಿಯ ಉಣ್ಣೆ ತುರುಕಿ ತುರುಕಿ ಗುಂಡಗೆ ಮಾಡಿದ, ಹೊಲಿದ, ಹರಳೆಣ್ಣೆ ಹಚ್ಚಿ ತಿಕ್ಕಿದ. ತೇಪೆ ಇದ್ದಲ್ಲೆಲ್ಲ ಬೆರಳು ದಪ್ಪ ಕುಂಕುಮ ಮೆತ್ತಿದ. ಚೌಡಕ್ಕ ಎದೆಗೆ ಕೈಯಿಟ್ಟುಕೊಂಡಳು.

“ಪೂಜಿ ಆದದ್ದಕ್ಕ ಕಾಲು ಹಚ್ಚಿದ್ರ ಕಣ್ಣು ಹೋಗ್ತಾವ್ರಿ!”

ಪೆದ್ದಣ್ಣನಿಗೂ ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಬೆಳಗ್ಗೆ ಕ್ಲಬ್ಬು ಗುಡಿಸುವಾಗ ಬೀರುವಿನ ಕೀಲಿ ತೆಗೆದು ಚೆಂಡು ಬದಲಿಸಿದ. ಸಂಜೆ ಬಯಲಲ್ಲಿ ಹೊಸ ಚೆಂಡನ್ನು ನೆಲಕ್ಕಿಟ್ಟು, ನೇಮಕಲ್ಲಿನ ಆಂಜನೇಯನನ್ನು ನೆನೆದು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬೋರಪ್ಪನೂ ಒತ್ತಿಕೊಂಡ, ಇಪ್ಪತ್ತು ಮಂದಿಯೂ ಒತ್ತಿಕೊಂಡರು. ಆಮೇಲೆ ಬೋರಪ್ಪ ಒದ್ದ ಏಟಿಗೆ ಚೆಂಡು ಹುಣಸೆಮರದ ನೆತ್ತಿಗೆ ಹೋಯಿತು. ಯಾರ ಕಣ್ಣೂ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಕ್ಲಬ್ಬಿನಲ್ಲಿ ಗಾಜಿನ ಬೀರು ತೆರೆದು ಚೆಂಡಿಗೆ ಹಾರ ಹಾಕಿದರು. ಪೆದ್ದಣ್ಣ ಆರತಿ ತಟ್ಟೆ ಹಿಡಿದು ನಿಂತಿದ್ದ. ಮೂಕಪ್ಪನವರು ಭಾಷಣಕ್ಕೆ ನಿಂತರು.

“ಲಂಡನ್ ಯಾತ್ರೆಗೆ ಪ್ರಸ್ಥಾನ ಇಟ್ಟ ಚೆಂಡು ಇದು. ಇವತ್ತಿನ ತನಕ ಇದಕ್ಕ ಒಬ್ಬರ ಕಾಲೂ ತಾಗಿಲ್ಲ. ಹಿಂಗ ಕಾಪಾಡಿದೋನು ನಮ್ಮ ಪೆದ್ದಣ್ಣ!”

ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಬಯಲ ಕಡೆಯಿಂದ ಧಪ್ ಎಂದು ಸದ್ದು, ಹಿಂದೆಯೇ ಹೋ ಎಂದು ಕೂಗು.

“ಏನದು?” ಎಂದರು ಮೂಕಪ್ಪನವರು.

“ಚೆಂಡಾಡಾಕತ್ತಾರ್ರಿ.”

“ಯಾವ ಚೆಂಡಲೇ?”

ಪೆದ್ದಣ್ಣ ಆರತಿಯ ಬತ್ತಿಯನ್ನು ಸರಿಮಾಡಿದ. “ಹಳೇದ್ರಿ. ಹೆಂಗೋ ಮತ್ತ ಉಬ್ಬೈತ್ರಿ.”

ಮೂಕಪ್ಪನವರು ಕಿಟಕಿಯಿಂದ ಇಣುಕಿದರು. ಎರಡು ತಿಂಗಳು ಕಲ್ಲುಮುಳ್ಳಲ್ಲಿ ಉರುಳಿ ಬಣ್ಣಗೆಟ್ಟ ಒಂದು ಚೆಂಡು ಕಂಡಿತು. ಅವರ ಮುಖ ಅರಳಿತು.

“ನೋಡಿದ್ರ್ಯಾ? ಬ್ಲಾಡರು ಬೇಕು ಬ್ಲಾಡರು ಬೇಕು ಅಂತ ವರ್ಷಗಟ್ಲೆ ತಲಿ ತಿಂದ. ಬೇಕಾಗಿತ್ತೇನಲೇ?”

“ಇಲ್ರಿ” ಎಂದ ಪೆದ್ದಣ್ಣ.

ಬೊಮ್ಮಪ್ಪನವರು ಒಂದೂಮುಕ್ಕಾಲು ರೂಪಾಯಿ ಉಳಿಯಿತೆಂದು ಉಸಿರುಬಿಟ್ಟರು. ಗೋಪಣ್ಣನವರು ಅಲ್ಲೇ ಪುಸ್ತಕ ತೆಗೆದು, ಹದಿನಾಲ್ಕು ತಿಂಗಳಿಂದ ಕೊನೆಯ ಸಾಲಿನಲ್ಲಿ ಕೂತಿದ್ದ ವಿಷಯವನ್ನು ಇತ್ಯರ್ಥ ಮಾಡಿದರು: ‘ಬ್ಲಾಡರ್, ಅಗತ್ಯವಿಲ್ಲ. ಸರ್ವಾನುಮತ.’ ಕ್ಲಬ್ಬಿನ ಇತಿಹಾಸದಲ್ಲಿ ಫುಟ್ಬಾಲಿಗೆ ಸಂಬಂಧಿಸಿ ಪೂರ್ತಿಯಾದ ನಿರ್ಣಯ ಅದೊಂದೇ.

ಅಷ್ಟರಲ್ಲಿ ಕಿಟಕಿಯ ಹೊರಗೆ ಬೋರಪ್ಪನ ತಲೆ ಕಾಣಿಸಿತು. ಬೆವರು ಒರೆಸಿಕೊಳ್ಳುತ್ತ ಮೆಲ್ಲಗೆ ಕರೆದ: “ಮಾಸ್ಟರ, ಬರ್ರಿ. ಒಬ್ಬ ಕಡಿಮಿ ಆಗ್ಯಾನ.”

ಪೆದ್ದಣ್ಣ ಆರತಿ ತಟ್ಟೆಯನ್ನು ಅಧ್ಯಕ್ಷರ ಕೈಗೆ ಕೊಟ್ಟು ಹೊರಟ.