ಪಕ್ಕದ ಮನೆಯಮ್ಮನ ಬಿಸಿ ಕಸ್ಟರ್ಡ್

ಇವತ್ತು ಮಧ್ಯಾಹ್ನ ಕಸ್ಟರ್ಡ್ ಪುಡಿಯ ಡಬ್ಬದ ಮುಚ್ಚಳ ತೆಗೆದೆ. ಆ ಘಮ ಮೂಗಿಗೆ ಬಡಿದದ್ದೇ ತಡ, ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತಿದ್ದ ನನ್ನ ಮೊಮ್ಮಗಳು, ನನ್ನ ಬಂಗಾರ, ಬಟ್ಟಲಲ್ಲಿ ಪುಡಿಗೆ ಹಾಲು ಹಾಕಿ ಕಲಸುತ್ತಾ “ಅಜ್ಜೀ, ಲುಕ್! ಯೆಲ್ಲೋ ಆಗ್ತಿದೆ!” ಎಂದು ಕುಣಿದಳು. ನಸುಗೆಂಪು ಪುಡಿ ಹಾಲು ತಾಕಿದ ಕೂಡಲೇ ಹಳದಿಯಾಗುವುದನ್ನು ನೋಡಿ ಅವಳಿಗೆ ಸಂಭ್ರಮ, ಅವಳನ್ನು ನೋಡಿ ನನಗೆ ಸಂಭ್ರಮ. ಈ ಮಗು ಸೀನಿದರೂ ನನಗೆ ಹಾಡಿದ ಹಾಗೆ ಕೇಳಿಸುತ್ತದೆ, ಏನು ಮಾಡಲಿ ಹೇಳಿ! ಆದರೆ ಆ ಘಮ ಮಾತ್ರ ನನ್ನನ್ನು ಬೇರೆಯವರ ಅಡುಗೆಮನೆಗೆ ಕರೆದುಕೊಂಡು ಹೋಯಿತು. ಪಕ್ಕದ ಮನೆಯಮ್ಮನ ಅಡುಗೆಮನೆಗೆ...

ಇವಳು ಹುಟ್ಟಿದಾಗ ಕೊರೋನಾ ಇನ್ನೂ ಪೂರ್ತಿ ಹೋಗಿರಲಿಲ್ಲ. ವಿಮಾನ ಮತ್ತೆ ಬಿಟ್ಟ ಕೂಡಲೇ ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಅಮೆರಿಕದ ಈ ಸುವಾನಿ ಊರಿಗೆ ಬಂದಿದ್ದೆ. ಮಗು ಹುಟ್ಟಿದ ಮೇಲೆ ಸಕ್ಕರೆ ಹಂಚದೆ ಇರುವುದುಂಟೇ? “ಇಲ್ಲೆಲ್ಲ ಹಾಗೆ ಮನೆ ಮನೆಗೆ ಹೋಗಲ್ಲ ಅತ್ತೆ” ಎಂದು ಅಳಿಯ ಹೇಳುತ್ತಲೇ ಇದ್ದ. ನಾನು ಮಾಸ್ಕ್ ಹಾಕಿಕೊಂಡು, ಒಂದು ಬಟ್ಟಲು ಸಕ್ಕರೆ ಹಿಡಿದು ಪಕ್ಕದ ಮನೆಯ ಬೆಲ್ ಒತ್ತಿಯೇಬಿಟ್ಟೆ. ಬೆಳ್ಳಿ ಕೂದಲಿನ, ಕಡ್ಡಿಯಂಥ ಹೆಂಗಸು ಬಾಗಿಲು ತೆಗೆದರು. ನನಗೋ ಇಂಗ್ಲಿಷ್ ಬಾರದು. ತೋಳು ತೂಗಿ, ಮಗು ಎಂದು ತೋರಿಸಿ, ಸಕ್ಕರೆ ಕೈಗಿಟ್ಟು ಬಂದೆ. ಮಾರನೆಯ ದಿನ ಅವರು ಅದೇ ಬಟ್ಟಲಲ್ಲಿ ಅಷ್ಟೇ ಸಕ್ಕರೆ ತುಂಬಿಕೊಂಡು ಬಂದು ವಾಪಸ್ಸು ಕೊಟ್ಟರು! ಕೊರೋನಾಕ್ಕೆ ಹೆದರಿ ಅಂಗಡಿಗೆ ಹೋಗಲಾರದ ಮುದುಕರಿಗೆ ನಾವು ಸಹಾಯ ಮಾಡುತ್ತಿದ್ದೇವೆ ಎಂದುಕೊಂಡಿದ್ದರಂತೆ. ಮಗಳು ವಿಷಯ ಹೇಳಿದಾಗ ಕೆನ್ನೆ ಕೆಂಪಗೆ ಮಾಡಿಕೊಂಡು ನಕ್ಕರು. ಅಲ್ಲೇ ಬಾಗಿಲಲ್ಲಿ ನಿಂತು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ನನಗಷ್ಟೇ ಸಾಕಾಯಿತು.

ಅವರು ಇಂಗ್ಲೆಂಡಿನವರು. ಗಂಡನ ಕೆಲಸಕ್ಕೆಂದು ಬಂದು ವಯಸ್ಸನ್ನೆಲ್ಲ ಇಲ್ಲೇ ಸವೆಸಿದ್ದರು. ಮಕ್ಕಳಿರಲಿಲ್ಲ. ಗಂಡನಿಗೆ ಮರೆವಿನ ಕಾಯಿಲೆ. ಅಮೆರಿಕಕ್ಕೆ ಬಂದದ್ದನ್ನೇ ಆತ ಮರೆತಿದ್ದರು. ಚಿಕ್ಕ ಹುಡುಗನಾಗಿದ್ದಾಗಿನದು ಮಾತ್ರ ಉಳಿದಿತ್ತು. ಆ ಚಳಿಗಾಲದಲ್ಲಿ ಆತ ಊಟ ಬಿಟ್ಟರು. ಏನು ಕೊಟ್ಟರೂ ತುಟಿ ಬಿಗಿ. ತೂಕ ಹೀಗೇ ಇಳಿದರೆ ಮನೆಯಲ್ಲಿಟ್ಟುಕೊಳ್ಳುವುದು ಬೇಡ, ವಯಸ್ಸಾದವರನ್ನು ನೋಡಿಕೊಳ್ಳುವ ಹೋಮಿಗೆ ಸೇರಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಅಲ್ಲಿ ಸೇರಿಸಿದರೆ, ಕೊರೋನಾ ಜೋರಾದಾಗೆಲ್ಲ ಹೆಂಡತಿಯಾದವಳು ಕಿಟಕಿಯಾಚೆ ನಿಂತು ಕೈ ಬೀಸಬೇಕು. ಮಗಳಿಗೆ ಅಷ್ಟು ಹೇಳಿ ಪಕ್ಕದ ಮನೆಯಮ್ಮ ನಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಮಗಳು ಒಳಗೆ ಬಂದು ಹೇಳಿದಳು. “ಅಮ್ಮಾ, ಆ ಅಂಕಲ್ ಬರೀ ಕಸ್ಟರ್ಡ್ ಕಸ್ಟರ್ಡ್ ಅಂತಾರಂತೆ. ಇಲ್ಲಿನ ಪುಡ್ಡಿಂಗ್ ಕೊಟ್ರೆ ಉಗೀತಾರಂತೆ. ಇಂಗ್ಲೆಂಡಿಂದ ಆರ್ಡರ್ ಮಾಡಿದ್ದು ಇನ್ನೂ ಬಂದಿಲ್ಲ.”

“ಅಯ್ಯೋ, ಇಂಡಿಯನ್ ಸ್ಟೋರಲ್ಲಿ ಶ್ಯಾವಿಗೆ ಪಕ್ಕದಲ್ಲೇ ಇರುತ್ತಲ್ಲೇ!”

“ಅದು ನಮ್ ಕಸ್ಟರ್ಡ್ ಅಮ್ಮ.”

“ಯಾವ ಸೀಮೆ ನಮ್ದು? ಅವರದ್ದೇ ಕಣೇ ಅದು! ದೇಶ ಬಿಟ್ಟು ಹೋಗುವಾಗ ಡಬ್ಬ ಮರೆತು ಹೋದ್ರು ಅಷ್ಟೆ.”

ಮಗಳು ಬಿದ್ದು ಬಿದ್ದು ನಕ್ಕಳು. ಬಾಣಂತಿ ಹಾಗೆ ನಗಬಾರದು ಎಂದು ಬೈದೆ.

ಮಾರನೆಯ ಬೆಳಗ್ಗೆ ಗಂಡನನ್ನು ಮನೆಗೆ ಬರುತ್ತಿದ್ದ ನರ್ಸಮ್ಮನ ಹತ್ತಿರ ಬಿಟ್ಟು ಅವರು ನಮ್ಮ ಕಾರು ಹತ್ತಿದರು. ಅಂಗಡಿಯೊಳಗೆ ಇಂಗು, ಅಗರಬತ್ತಿಯ ವಾಸನೆಗೆ ಮೊದಲು ಸ್ವಲ್ಪ ಹಿಂಜರಿದರು. ನಾನು ಕೈ ಹಿಡಿದು ಆ ಸಾಲಿಗೆ ಕರೆದುಕೊಂಡು ಹೋದೆ. ಕಸ್ಟರ್ಡ್ ಪುಡಿ, ಹಾಲಿಗೆ ಹಾಕುವ ಮಾಲ್ಟ್ ಪುಡಿ, ಗೋಧಿ ಬಿಸ್ಕತ್ತು, ಗಟ್ಟಿ ಟೀ ಪುಡಿ... ಒಂದೊಂದನ್ನೇ ಮುಟ್ಟಿದರು, ನಮ್ಮೂರಲ್ಲಿ ಮದುವೆಯಾಗಿ ಬಹಳ ದಿನಕ್ಕೆ ತವರಿಗೆ ಬಂದವಳು ಪಾತ್ರೆಪಡಗ ಮುಟ್ಟಿ ನೋಡುತ್ತಾಳಲ್ಲ, ಹಾಗೆ. ಅಳಿಯನಿಗೆ ಏನೋ ಹೇಳಿದರು. ಅವನು ಅದನ್ನು ನನಗೆ ಕನ್ನಡದಲ್ಲಿ ಹೇಳಿದ. “ಇಷ್ಟು ವರ್ಷ ಈ ಅಂಗಡಿ ಮುಂದೇನೇ ಡ್ರೈವ್ ಮಾಡ್ಕೊಂಡು ಹೋಗಿದ್ದಾರಂತೆ ಅತ್ತೆ. ನನ್ನಂಥವಳಿಗೆ ಇಲ್ಲೇನಿರುತ್ತೆ ಅಂದ್ಕೊಂಡಿದ್ರಂತೆ. ನೋಡಿದ್ರೆ ಇದು ಅವರ ಅಮ್ಮನ ಕಪಾಟು ಅಂತೆ.”

ನಾನು ಸುಮ್ಮನಿರುತ್ತೇನೆಯೇ! ಮನೆಗೆ ಬಂದವಳೇ ಕಸ್ಟರ್ಡ್ ಮಾಡಿದೆ. ಬಾಳೆಹಣ್ಣು, ದ್ರಾಕ್ಷಿ, ದಾಳಿಂಬೆ ಹಾಕಿ, ಏಲಕ್ಕಿ ಉದುರಿಸಿ, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ನೆಂಟರ ಮನೆಗೆ ಒಯ್ಯುವ ಹಾಗೆ ಒಯ್ದೆ. ಮುದುಕಪ್ಪ ಒಂದು ಚಮಚ ಬಾಯಿಗೆ ತೆಗೆದುಕೊಂಡರು, ದಾಳಿಂಬೆ ಬೀಜ ಒಂದೊಂದಾಗಿ ಹೊರಗೆ ಬಂತು. ಆಮೇಲೆ ತುಟಿ ಬಿಗಿ. ಪಕ್ಕದ ಮನೆಯಮ್ಮ ನನಗೆ ನೋವಾಗದಿರಲಿ ಎಂದು ತಾವೇ ಎರಡು ಬಟ್ಟಲು ತಿಂದರು, ಪಾಪ!

ತಿಂದು ಮುಗಿಸಿ, ಡಬ್ಬ ತೋರಿಸಿ, ನನ್ನನ್ನು ಒಲೆಯ ಹತ್ತಿರ ಕರೆದರು. ಕೈಯಿಂದ ಹಬೆ ಏಳುವುದನ್ನು ತೋರಿಸಿದರು. ಬಿಸಿ! ಅವರ ಕಡೆ ಕಸ್ಟರ್ಡನ್ನು ಸುಡುಸುಡು ಬಿಸಿಯಾಗಿ, ಕೇಕಿನ ಮೇಲೆ ಸಾರು ಬಡಿಸಿದ ಹಾಗೆ ಸುರಿಯುತ್ತಾರೆ ಎಂದು ನನಗೇನು ಗೊತ್ತು? ಅವರು ಹಾಲು ಹಾಕಿದರು, ನಾನು ತಿರುವಿದೆ. ಹಣ್ಣಿಲ್ಲ, ಏಲಕ್ಕಿಯಿಲ್ಲ. ಇಳಿಸಿಟ್ಟಾಗ ಮೇಲೆ ಕೆನೆಗಟ್ಟಿತು. ಚೆನ್ನಾಗಿ ಕಾಣಲಿ ಎಂದು ಅದನ್ನು ನೀಟಾಗಿ ತೆಗೆದು ಪಕ್ಕಕ್ಕಿಟ್ಟು ಬಡಿಸಿದೆ.

ಮುದುಕಪ್ಪ ತಿಂದರು. ಇನ್ನೊಂದು ಚಮಚ ತಿಂದರು. ಆಮೇಲೆ ಬಟ್ಟಲನ್ನು ದಿಟ್ಟಿಸಿ ನೋಡಿ, ಹುಬ್ಬು ಗಂಟು ಹಾಕಿ, ಹೆಂಡತಿಯನ್ನು ಗದರಿಸಿದರು. ನಾನು ಹೆದರಿದೆ. ಆ ತಾಯಿಯೋ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನಾನು ತೆಗೆದಿಟ್ಟ ಕೆನೆಯನ್ನು ತಂದು ಗಂಡನ ಬಟ್ಟಲಿಗೆ ಹಾಕಿದರು. “ಮೇಲಿನ ಕೆನೆ ನನಗೆ ಅಂತ ಗೊತ್ತಿಲ್ವಾ?” ಎಂದು ಕೇಳಿದ್ದರಂತೆ ಆತ. ಎಷ್ಟೋ ತಿಂಗಳ ಮೇಲೆ ಗಂಡನ ಬಾಯಿಂದ ಬಂದ ಪೂರ್ತಿ ಮಾತು ಅದು, ಬೈಗುಳವಾದರೇನಂತೆ!

ಅಲ್ಲಿಂದ ದಾರಿ ಸಿಕ್ಕಿತು. ಕಸ್ಟರ್ಡಿನ ಆಸೆ ತೋರಿಸಿ ಎರಡು ತುತ್ತು ಊಟ, ಟೀಯಲ್ಲಿ ಅದ್ದಿದ ಬಿಸ್ಕತ್ತು, ಮಲಗುವಾಗ ಮಾಲ್ಟ್ ಹಾಲು. ತೂಕ ಏರದಿದ್ದರೂ ಇಳಿಯುವುದು ನಿಂತಿತು. ಹೋಮಿನ ಮಾತನ್ನು ಡಾಕ್ಟರು ಸದ್ಯಕ್ಕೆ ಬಿಟ್ಟರು. ಅದನ್ನು ಹೇಳಲು ಓಡಿ ಬಂದಿದ್ದ ಪಕ್ಕದ ಮನೆಯಮ್ಮ ನನ್ನ ಮೊಮ್ಮಗಳನ್ನು ಎತ್ತಿಕೊಂಡು ಹುಲ್ಲಿನ ಮೇಲೆ ಗಿರಗಿರನೆ ತಿರುಗಿದರು. ನಾನೂ ಹಿಂದೆಯೇ ಕೈ ಚಾಚಿಕೊಂಡು ತಿರುಗಿದೆ, ಮಗು ಬಿದ್ದೀತೆಂಬ ಭಯಕ್ಕೆ! ಭಾಷೆ ಇಲ್ಲದೆ ಇಬ್ಬರು ಮುದುಕಿಯರು ಎಷ್ಟು ನಗಬಹುದೋ ಅಷ್ಟೂ ನಕ್ಕೆವು.

ವೀಸಾ ಮುಗಿದು ನಾನು ಮೈಸೂರಿಗೆ ಹೊರಟೆ. ಮಗಳು ಫೋನ್ ಮಾಡಿದಾಗೆಲ್ಲ “ತಿಂತಿದ್ದಾರಂತಾ?” ಎಂದೇ ಕೇಳುತ್ತಿದ್ದೆ. ಮುಂದಿನ ವರ್ಷ ಮುದುಕಪ್ಪ ಹೋದ ಸುದ್ದಿ ಬಂತು. ತಮ್ಮ ಮಂಚದ ಮೇಲೆಯೇ, ಹೆಂಡತಿಯ ಕೈ ಹಿಡಿದುಕೊಂಡೇ ಹೋದರಂತೆ. ಆಮೇಲೆ ಪಕ್ಕದ ಮನೆಯಮ್ಮ ಮನೆ ಮಾರಿ ಇಂಗ್ಲೆಂಡಿಗೆ, ತಂಗಿಯ ಊರಿಗೆ ಹೋದರು. ಅಲ್ಲಿ ಆ ತಂಗಿಗೂ ಕೈಲಾಗದೆ ಅಕ್ಕನನ್ನು ಹೋಮಿಗೆ ಸೇರಿಸಿದರಂತೆ. ಅವರೂ ಈಗಿಲ್ಲ ಎಂಬುದನ್ನು ನಾನು ಈ ಸಲ ಇಲ್ಲಿಗೆ ಬಂದ ಮೇಲೆ ಮಗಳು ಹೇಳಿದಳು. “ಫೋನಲ್ಲಿ ಹೇಳಿದ್ರೆ ನಿನ್ ಬಿಪಿ ಏರುತ್ತೆ ಅಂತ ಸುಮ್ನಿದ್ದೆ ಅಮ್ಮ.”

ಗಂಡನನ್ನು ಕೊನೆಯವರೆಗೂ ಮನೆಯಲ್ಲೇ ಉಳಿಸಿಕೊಂಡರು ಆ ಮಹಾತಾಯಿ. ಆದರೆ ಅವರನ್ನೇ ಹಾಗೆ ಮನೆಯಲ್ಲಿ ಉಳಿಸಿಕೊಳ್ಳಲು ಯಾರೂ ಇರಲಿಲ್ಲ. ಅವರ ದೇಶದಲ್ಲಿ ಬೀದಿಗೊಂದು ಅಂಗಡಿಯಲ್ಲಿ ಎಲ್ಲವೂ ಸಿಗುತ್ತಿದ್ದಿರಬೇಕು... ಏನು ಬೇಕಮ್ಮ ಎಂದು ಕೇಳುವವರು ಸಿಕ್ಕಿದ್ದರೋ ಇಲ್ಲವೋ.

ಈಗ ಆ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಡಾಕ್ಟರ ಸಂಸಾರವಿದೆ. ಒಳ್ಳೆಯ ಜನ. ಆದರೂ ಅವರ ಅಡುಗೆಮನೆಯ ದೀಪ ಹತ್ತಿದರೆ ನಾನು ಈ ಕಡೆ ತಿರುಗಿಕೊಳ್ಳುತ್ತೇನೆ.

ಮೊಮ್ಮಗಳು ಕಸ್ಟರ್ಡಿನ ಬಟ್ಟಲು ಖಾಲಿ ಮಾಡಿ “ಅಜ್ಜಿ, ಇನ್ನೂ ಬೇಕು” ಎಂದಳು. ಹಾಕಿದೆ. ಕಣ್ಣು ಮಂಜಾಗಿತ್ತು, ಸ್ವಲ್ಪ ಮೇಜಿನ ಮೇಲೂ ಚೆಲ್ಲಿತು.