ಕೊನೆಯ ಗಾಡಿಯ ಹಿಂದೆ ನಡೆದ ಅಕ್ಕ

ಆ ಕಾದಂಬರಿಯ ಬಗ್ಗೆ ಆ ಕೋಣೆಯಲ್ಲಿ ತಲೆಗೊಂದು ಅಭಿಪ್ರಾಯವಿತ್ತು. ಓದಿದವಳು ಮಾತ್ರ ಒಬ್ಬಳೇ. ಉಳಿದವರೆಲ್ಲ ಕೇಳಿದವರು. ಓದಿದವರಿಗಿಂತ ಕೇಳಿದವರ ಬಾಯಿಯೇ ಜೋರು ಎನ್ನುವುದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯ ಹಿಂದೆ, ಹರಿದ ಬಟ್ಟೆ ಹೊಲಿಯುವ ಕೋಣೆ ಅದು. ತೂತು ಬಿದ್ದ ಬೆಡ್‌ಶೀಟು, ಲಾಡಿ ಕಿತ್ತ ಗೌನು, ಅಂಚು ಬಿಚ್ಚಿದ ದಿಂಬಿನ ಕವರು, ಎಲ್ಲ ತಳ್ಳುಗಾಡಿಯಲ್ಲಿ ಅಲ್ಲಿಗೆ ಬರುತ್ತಿದ್ದವು. ಉದ್ದನೆಯ ಎರಡು ಮೇಜು, ಅವುಗಳ ಸುತ್ತ ಬೆಂಚು, ಬೆಂಚಿನ ಮೇಲೆ ಸೂಜಿ ಹಿಡಿದ ಹೆಂಗಸರು. ಮಿಷನ್ನಿನ ಹೊಲಿಗೆ ಪಕ್ಕದ ಕೋಣೆಗೆ. ಇಲ್ಲಿ ಕೈಹೊಲಿಗೆಯಷ್ಟೇ. ಆದ್ದರಿಂದ ಇಲ್ಲಿ ಒಬ್ಬರು ಮಾತಾಡಿದ್ದು ಇನ್ನೊಬ್ಬರಿಗೆ ಕೇಳುತ್ತಿತ್ತು.

ಓದುತ್ತಿದ್ದವಳನ್ನು ಎಲ್ಲರೂ ಓದಮ್ಮ ಎಂದು ಕರೆಯುತ್ತಿದ್ದರು. ಮೊದಲು ಅವಳಿಗೆ ಆ ಹೆಸರಿರಲಿಲ್ಲ. ಅವಳೂ ಸೂಜಿಯವಳೇ. ಹೆಚ್ಚುಕಡಿಮೆ ಇಡೀ ಆಯಸ್ಸನ್ನು ಆ ಬೆಂಚಿನ ಮೇಲೆ ಕಳೆದವಳು. ಆದರೆ ಎರಡು ವರ್ಷದಿಂದ ಬೆರಳ ಗೆಣ್ಣುಗಳು ಊದಿಕೊಂಡು, ಹಿಡಿದ ಸೂಜಿ ಹಿಡಿದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ತೇಪೆ ಹಾಕುವಷ್ಟರಲ್ಲಿ ಉಳಿದವರು ಮೂರು ಶೀಟು ಮಡಚಿಡುತ್ತಿದ್ದರು. ಸೂಪರ್‌ವೈಸರ್ ಕೆಟ್ಟವನಲ್ಲ. ಒಂದು ದಿನ ಬಂದು ಮೆಲ್ಲನೆ ಹೇಳಿದ: “ಇನ್ನು ಮನೇಲಿ ಆರಾಮಾಗಿ ಇರಿ ಅಮ್ಮಾ.”

ಮನೆಯಲ್ಲಿ ಎಂಥ ಆರಾಮು ಕಾದಿದೆ ಎನ್ನುವುದು ಅವಳಿಗೆ ಗೊತ್ತಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಮಂಚ, ಒಂದು ಲೋಟ. ಇನ್ನೊಂದು ಲೋಟ ಇಟ್ಟುಕೊಂಡರೂ ಅದನ್ನು ಹಿಡಿಯುವವರಿಲ್ಲ.

ಆಗ ಅಡ್ಡ ಬಂದವಳು ಮೆಣಸಿನಕಾಯಿ. ಓದಮ್ಮನ ಓರಗೆಯವಳು. ನಾಲಿಗೆಯಿಂದಾಗಿ ಆ ಹೆಸರು ಗಳಿಸಿಕೊಂಡವಳು.

“ಇವಳ ಪಾಲಿನ ಬಟ್ಟೆ ನಾವು ಹಂಚ್ಕೊಂಡು ಹೊಲೀತೀವಿ ಸಾರ್. ಇವಳು ನಮಗೆ ಕಥೆ ಓದಲಿ. ಕಥೆ ಕೇಳ್ತಾ ಇದ್ರೆ ನಾವು ಹರಟೆ ಹೊಡೆಯಲ್ಲ, ಕೆಲಸಾನೂ ಬೇಗ ಆಗುತ್ತೆ.”

ಹರಟೆ ಹೊಡೆಯುವುದಿಲ್ಲ ಎನ್ನುವ ಮಾತನ್ನು ಸೂಪರ್‌ವೈಸರ್ ನಂಬಲಿಲ್ಲ. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಯಮಾನದವನು. ಬಿಡುಗಡೆಯಾಗಿ ಹೋದ ರೋಗಿಗಳು ಬಿಟ್ಟುಹೋದ ಪುಸ್ತಕಗಳ ಪೆಟ್ಟಿಗೆಯೊಂದು ಮೆಟ್ಟಿಲ ಕೆಳಗಿತ್ತು. ಅದರಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಓದಮ್ಮ ಆರಿಸಿ ತಂದಳು. ಮುಖಪುಟ ಹರಿದು ಹೋಗಿ ಹೆಸರೇ ಇಲ್ಲದ ಪುಸ್ತಕ. ಸೂಪರ್‌ವೈಸರ್ ಅದನ್ನು ಕೈಯಲ್ಲಿ ತೂಗಿ ನೋಡಿದ.

“ಈ ಪುಸ್ತಕ ಮುಗಿಯೋವರೆಗೂ ನಡೀಲಿ. ಮುಗಿದ ದಿನ ನೀವು ಹೊರಡಿ, ಆಯ್ತಾ?”

ಆಯ್ತು ಎಂದಳು. ಅವಳ ಜಾಗದ ಆಯಸ್ಸು ಒಂದು ಪುಸ್ತಕದ ದಪ್ಪದಷ್ಟು ಎಂದು ಹೀಗೆ ತೀರ್ಮಾನವಾಯಿತು.

ಕಥೆ ಹೀಗೆ. ಉತ್ತವರಿಗೆ ಭೂಮಿ ಸಿಗುತ್ತದಂತೆ ಎಂಬ ಸುದ್ದಿ ಕೇಳಿ ಒಂದಷ್ಟು ಜನ ಎತ್ತಿನ ಗಾಡಿ ಕಟ್ಟಿಕೊಂಡು, ಯಾರೂ ನೆಲೆ ನಿಲ್ಲದ ಬಯಲಿನತ್ತ ಹೊರಡುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ನಾಯಕಿ ಎಳೆಯ ವಿಧವೆ, ಕಂಕುಳಲ್ಲಿ ಕೂಸು. ದಾರಿ ತೋರಿಸಲು ಒಬ್ಬ ಕುದುರೆ ಸವಾರ. ಆತ ಇನ್ನೂರು ಪುಟ ಅವಳೊಡನೆ ಜಗಳವಾಡಿ ಆಮೇಲೆ ಪ್ರೀತಿಸುತ್ತಾನೆ.

“ಅಷ್ಟು ಜಗಳ ಆಡ್ತಾನೆ ಅಂದ್ರೆ ಒಳಗೆ ಪ್ರೀತಿನೇ ಇರ್ಬೇಕು,” ಎಂದಳು ಮದುಮಗಳು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಅವಳಿಗೆ ಆ ಹೆಸರೇ ಅಂಟಿಕೊಂಡಿತ್ತು.

“ಹಾಗಾದ್ರೆ ನನ್ನ ಗಂಡನಷ್ಟು ಪ್ರೀತಿ ಮಾಡೋನು ಈ ಭೂಮಿ ಮೇಲೇ ಇಲ್ಲ ಬಿಡು,” ಎಂದಳು ಮೆಣಸಿನಕಾಯಿ.

ಅಭಿಪ್ರಾಯಗಳು ಶುರುವಾದದ್ದು ಅಲ್ಲಿಂದ. ನಾಯಕಿಯ ಕೂದಲು ಗಾಳಿಗೆ ಹಾರಾಡಿತು ಎಂದು ಓದಮ್ಮ ಓದಿದರೆ, ತಿಂಗಳುಗಟ್ಟಲೆ ನೀರು ಕಾಣದ ಕೂದಲು ಹಾರಾಡುವುದಿಲ್ಲ, ಅಂಟಿಕೊಳ್ಳುತ್ತದೆ ಎಂದು ಒಬ್ಬಳು. ಉಣ್ಣಲು ಗತಿಯಿಲ್ಲದ ಜಾಗದಲ್ಲಿ ಸವಾರ ಹೂ ಕಿತ್ತು ತಂದರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಇನ್ನೊಬ್ಬಳು. ತೊರೆಯೊಂದನ್ನು ದಾಟಿದ ಮೇಲೆ ಕೂಸಿನ ಒದ್ದೆ ಬಟ್ಟೆ ಎಲ್ಲಿ ಒಣಗಿಸಿದರು ಎನ್ನುವ ಪ್ರಶ್ನೆ ಎದ್ದು, ಅರ್ಧ ಗಂಟೆ ಕಥೆಯೇ ನಿಂತುಹೋಯಿತು. ಒಣಗಿಸಲಿಲ್ಲವಾದರೆ ಕೂಸಿಗೆ ಶೀತವಾಗಬೇಕಿತ್ತು, ಶೀತವಾಗಿಲ್ಲವಾದರೆ ಬರೆದವನಿಗೆ ಮಕ್ಕಳಿಲ್ಲ ಎಂದು ಕೋಣೆ ತೀರ್ಪು ಕೊಟ್ಟಿತು.

ಓದಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದಳು. ಅವರು ಎಷ್ಟು ವಾದ ಮಾಡಿದರೆ ಅಷ್ಟು ಹೊತ್ತು ಪುಟ ತಿರುಗುವುದಿಲ್ಲ.

ನಾಯಕಿಗೊಬ್ಬಳು ಅಕ್ಕ ಇದ್ದಳು. ಮದುವೆಯಾಗದವಳು, ಕೊನೆಯ ಗಾಡಿಯ ಹಿಂದೆ ನಡೆದು ಬರುವವಳು. ಬರೆದವನಿಗೆ ಅವಳಲ್ಲಿ ಅಷ್ಟೇನೂ ಆಸಕ್ತಿಯಿರಲಿಲ್ಲ. ಪುಸ್ತಕದ ನಡುವೆ ಒಂದೆಡೆ, ಬಯಲು ಸೇರುವ ಮೊದಲು ದಾಟಬೇಕಾದ ದೊಡ್ಡ ನದಿ ಇನ್ನೂ ದೂರವಿರುವಾಗ, ಒಂದೇ ಸಾಲು: “ಅಕ್ಕ ಜ್ವರ ಬಂದು ತೀರಿಕೊಂಡಳು, ಗಾಡಿಗಳು ಮುಂದೆ ಸಾಗಿದವು.” ಹಿಂದಿನ ಸಾಲಿನಲ್ಲಿ ಎತ್ತಿನ ಕುತ್ತಿಗೆಯ ಗಾಯ, ಮುಂದಿನ ಸಾಲಿನಲ್ಲಿ ಸವಾರನ ಕಣ್ಣು.

ಆ ಸಾಲು ಓದಮ್ಮನ ಬಾಯಿಂದ ಬರಲಿಲ್ಲ. “ಅಕ್ಕನಿಗೆ ಜ್ವರ ಬಂತು,” ಎಂದು ಓದಿ ತಡೆದಳು. “ಎರಡು ದಿನಕ್ಕೆ ಬಿಟ್ಟಿತು,” ಎಂದು ಸೇರಿಸಿದಳು.

ಅಕ್ಕನನ್ನು ಉಳಿಸಿಕೊಂಡ ಮೇಲೆ ಅವಳಿಗೊಂದು ಕೆಲಸ ಕೊಡಬೇಕಲ್ಲ. ಓದಮ್ಮನಿಗೆ ಅದೇನೂ ಕಷ್ಟವಾಗಲಿಲ್ಲ. ಅಕ್ಕ ಎಲ್ಲರಿಗಿಂತ ಮೊದಲೇ ಎದ್ದು ಬೆಂಕಿ ಹಚ್ಚಿದಳು. ನೀರು ಹುಡುಕಿ ತಂದಳು. ಹಿಟ್ಟು ಕಲಸಿದಳು. ಗಾಡಿಯ ಹರಿದ ಹೊದಿಕೆಗೆ ತೇಪೆ ಹಾಕಿದಳು, ಕೂಸಿನ ಬಟ್ಟೆಯನ್ನು ಗಾಡಿಯ ಹಿಂಬದಿಗೆ ಹಗ್ಗ ಕಟ್ಟಿ ಒಣಗಿಸಿದಳು. ಹೀಗೆ ಅಕ್ಕ ಕೆಲಸ ಮಾಡಿದಷ್ಟೂ ದಿನ ಓಡಿತು, ಪುಟ ನಿಂತಲ್ಲೇ ನಿಂತಿತು. ಸೂಪರ್‌ವೈಸರ್ ಬಾಗಿಲಲ್ಲಿ ತಲೆ ಹಾಕಿ, “ಎಲ್ಲಿಗೆ ಬಂತು ಕಥೆ?” ಎಂದರೆ, “ದೊಡ್ಡ ನದಿ ಇನ್ನೂ ದೂರ ಇದೆ ಸಾರ್,” ಎನ್ನುತ್ತಿದ್ದಳು. ಸುಳ್ಳೇನಲ್ಲ.

ಸಂಜೆ ತನ್ನ ಕೋಣೆಗೆ ಹೋಗಿ, ಚಹಾಕ್ಕೆ ನೀರಿಟ್ಟು, ಮರುದಿನ ಅಕ್ಕ ಏನು ಮಾಡಬೇಕು ಎಂದು ಗೋಡೆಗೆ ಹೇಳಿ ನೋಡುತ್ತಿದ್ದಳು. ಕೆಳಗೆ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಬಿಟ್ಟರೆ ಬೇರೆ ಉತ್ತರವಿಲ್ಲ. ತಾಯಿ ಸತ್ತಾಗ ಓದಮ್ಮ ಇನ್ನೂ ಹುಡುಗಿ. ತಮ್ಮನನ್ನೂ ತಂಗಿಯನ್ನೂ ಬೆಳೆಸಿದವಳು ಅವಳೇ. ತಮ್ಮನ ಓದು ಮುಗಿಯಲಿ ಎಂದು ತನ್ನ ಮದುವೆ ಮುಂದೆ ಹಾಕಿದಳು, ತಂಗಿಯ ಮದುವೆ ಮುಗಿಯಲಿ ಎಂದು ಇನ್ನೊಮ್ಮೆ ಹಾಕಿದಳು. ಆಮೇಲೆ ಮುಂದೆ ಹಾಕಲು ಏನೂ ಉಳಿಯಲಿಲ್ಲ. ತಂಗಿಯ ಎರಡು ಹೆರಿಗೆಗೂ ಹೋಗಿ, ಕೂಸಿಗೆ ನೀರೆರೆದು, ಬಟ್ಟೆ ಒಗೆದು ಬಂದಳು. ಮೂರನೆಯದು ಆಗಲಿಲ್ಲ, ಮತ್ತೆ ಕರೆಯೂ ಬರಲಿಲ್ಲ. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡರೆ ಸಮಾಧಾನ ಮಾಡಲು ಒಬ್ಬರು ಬೇಕು. ಅವಳಿಗೆ ಇದ್ದದ್ದು ಬರೀ ಒಂಟಿತನ, ಅದೂ ಬೇಸಿಗೆಯ ಮಧ್ಯಾಹ್ನದಷ್ಟು ಉದ್ದದ್ದು.

ಹೀಗಿರುವಾಗ ಒಂದು ಮಧ್ಯಾಹ್ನ, ಅಕ್ಕ ಕುಂಟುವ ಕರುವೊಂದನ್ನು ಹೊತ್ತು ನಡೆಯುತ್ತಿದ್ದಾಗ, ಮೆಣಸಿನಕಾಯಿ ಹಲ್ಲಲ್ಲಿ ದಾರ ಕಡಿದು ಬಾಯಿಬಿಟ್ಟಳು.

“ಅಲ್ಲ, ಈ ಅಕ್ಕನ್ನ ಯಾಕೆ ಕಟ್ಕೊಂಡು ತಿರುಗ್ತಾರೆ? ಗಂಡ ಇಲ್ಲ, ಮಕ್ಕಳಿಲ್ಲ. ಕಥೆಗೂ ಬೇಡ, ಗಾಡಿಗೂ ಭಾರ. ಯಾವುದಾದ್ರೂ ಹೊಳೇಲಿ ಬಿಟ್ಟು ಮುಂದೆ ಹೋಗ್ಲಿ. ಆ ಸವಾರ ಏನಾದ ಅಂತ ನೋಡ್ಬೇಕು ನಮಗೆ.”

ಎಲ್ಲರೂ ನಕ್ಕರು. “ಹೌದು ಕಣೇ, ಅವಳು ಬಂದ್ರೆ ಕಥೆ ಆಕಳಿಸುತ್ತೆ,” ಎಂದಳು ಒಬ್ಬಳು.

“ಇರ್ಲಿ ಬಿಡಿ, ಪಾಪ,” ಎಂದಳು ಮದುಮಗಳು.

ಓದಮ್ಮನಿಗೆ ಮೆಣಸಿನಕಾಯಿಯ ಮಾತಿಗಿಂತ ಆ ‘ಪಾಪ’ ಹೆಚ್ಚು ಚುಚ್ಚಿತು. ಅವಳೂ ನಗಲು ನೋಡಿದಳು. ಮುಖ ಮಾತು ಕೇಳಲಿಲ್ಲ.

ಆ ಸಂಜೆ ಅವಳು ಗೋಡೆಗೆ ಏನೂ ಹೇಳಲಿಲ್ಲ. ಬೇಡವಾದವರು ಬೇಡವಾದ ಕಡೆ ಎಷ್ಟು ದಿನ ಇರುವುದು? ತನ್ನ ಪಾಲಿನ ಶೀಟುಗಳನ್ನು ಅವರೆಲ್ಲ ಹೊಲಿಯುತ್ತಿರುವುದು, ಬೆನ್ನು ಹಿಡಿದುಕೊಂಡು ಏಳುವುದು, ಎಲ್ಲ ಕಣ್ಣ ಮುಂದೆ ಬಂತು. ಬಾಯಿಬಿಟ್ಟು ಹೇಳದಿದ್ದರೇನು, ಗಾಡಿಗೆ ಭಾರ ಯಾರು ಎಂದು ಅವಳಿಗೆ ಅರ್ಥವಾಗದೆ ಹೋಗುತ್ತದೆಯೇ?

ಮರುದಿನ ಪುಸ್ತಕ ಬಿಡಿಸಿ, ಇದ್ದದ್ದನ್ನು ಇದ್ದ ಹಾಗೆ ಓದಿದಳು. “ಅಕ್ಕ ಜ್ವರ ಬಂದು ತೀರಿಕೊಂಡಳು, ಗಾಡಿಗಳು ಮುಂದೆ ಸಾಗಿದವು.”

“ಅಯ್ಯೋ, ಇಷ್ಟೇನಾ?” ಎಂದಳು ಮದುಮಗಳು.

“ಇಷ್ಟೇ,” ಎಂದು ಓದಮ್ಮ ಪುಟ ತಿರುಗಿಸಿದಳು.

ಆಮೇಲೆ ಕಥೆ ಇಳಿಜಾರಿಗೆ ಬಿದ್ದ ಚಕ್ರದಂತೆ ಓಡಿತು. ನದಿ ದಾಟಿದರು. ಸವಾರನಿಗೆ ಗಾಯವಾಯಿತು, ವಾಸಿಯೂ ಆಯಿತು. ಬಯಲು ಬಂತು, ನೇಗಿಲು ಇಳಿಯಿತು. ಓದಮ್ಮ ಒಂದು ಮಾತನ್ನೂ ಸೇರಿಸಲಿಲ್ಲ, ಬಿಡಲೂ ಇಲ್ಲ. ವಿಚಿತ್ರವೆಂದರೆ ಕೋಣೆಯಲ್ಲಿ ಅಭಿಪ್ರಾಯಗಳೇ ಕಡಿಮೆಯಾದವು. ಸವಾರ ಪ್ರೀತಿಯ ಮಾತು ಹೇಳಿದ ದಿನ ಕೂಡ, ಇಷ್ಟು ದಿನ ಅದಕ್ಕಾಗಿಯೇ ಕಾದಿದ್ದ ಹೆಂಗಸರು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದರು.

“ಹಿಟ್ಟು ಯಾರು ಕಲಸ್ತಿದ್ದಾರೆ ಈಗ?” ಎಂದು ಒಬ್ಬಳು ಕೇಳಿದಳು.

“ಅದು ಬರೆದಿಲ್ಲ,” ಎಂದಳು ಓದಮ್ಮ.

“ನೀರು?”

“ಅದೂ ಬರೆದಿಲ್ಲ.”

“ಆ ಅಕ್ಕ ಹೋದ ಮೇಲೆ ಈ ಕಥೇಲಿ ಒಬ್ಬರೂ ಉಂಡಿಲ್ಲ ನೋಡು,” ಎಂದಳು ಮೆಣಸಿನಕಾಯಿ. ಅವಳ ದನಿಯಲ್ಲಿ ಖಾರವಿರಲಿಲ್ಲ.

ಕೊನೆಯ ಪುಟ ಬಂದದ್ದು ವಾರದ ಕೊನೆಯಲ್ಲಿ. ಕಟ್ಟಿದ ಹೊಸ ಮನೆಯ ಬಾಗಿಲಲ್ಲಿ ನಾಯಕಿ ಮತ್ತು ಸವಾರ ನಿಂತು ಸೂರ್ಯ ಮುಳುಗುವುದನ್ನು ನೋಡಿದರು. ಓದಮ್ಮ ಪುಸ್ತಕ ಮುಚ್ಚಿ ಅದರ ಮೇಲೆ ಊದಿದ ಕೈಗಳನ್ನಿಟ್ಟುಕೊಂಡಳು. ಅಷ್ಟು ಹೊತ್ತಿಗೆ ಸೂಪರ್‌ವೈಸರ್ ಬಾಗಿಲಲ್ಲಿದ್ದ. ಮುಚ್ಚಿದ ಪುಸ್ತಕ ಕಂಡು ಅವನಿಗೂ ಮುಜುಗರವಾಯಿತು.

“ಮುಗೀತಾ ಅಮ್ಮಾ?”

ಓದಮ್ಮ ಹೂಂ ಎನ್ನಲು ಬಾಯಿ ತೆರೆದಳು.

“ಎಲ್ಲಿ ಮುಗೀತು ಸಾರ್?” ಎಂದಳು ಮೆಣಸಿನಕಾಯಿ, ಹೊಲಿಗೆಯಿಂದ ತಲೆಯೆತ್ತದೆ. “ಅಕ್ಕನಿಗೆ ಜ್ವರ ಬಂದು ಹಿಂದೆ ಉಳ್ಕೊಂಡಿದ್ದಾಳೆ. ಇವರೆಲ್ಲ ಬಿಟ್ಟು ಬಂದುಬಿಟ್ರು. ಅವಳು ಇನ್ನೂ ದೊಡ್ಡ ನದಿ ಹತ್ತಿರಾನೂ ಬಂದಿಲ್ಲ.”

ಸೂಪರ್‌ವೈಸರ್ ಪುಸ್ತಕ ನೋಡಿದ, ಮೆಣಸಿನಕಾಯಿಯನ್ನು ನೋಡಿದ, ಮೇಜಿನ ತುದಿಯಲ್ಲಿ ಮಡಚಿಟ್ಟ ಶೀಟುಗಳ ರಾಶಿ ನೋಡಿದ. ರಾಶಿ ಎಂದಿನಷ್ಟೇ ಎತ್ತರವಿತ್ತು. “ನಡೀಲಿ ಹಾಗಾದ್ರೆ,” ಎಂದು ಹೊರಟುಹೋದ.



“ಒಂದು ಹಾಳೆ ತಿರುಗಿಸೋಕೆ ವಾರ ತಗೊಳ್ತಿದ್ಯಲ್ಲ, ನಮಗೇನು ಕಣ್ಣಿರಲಿಲ್ವಾ?” ಎಂದು ಮೆಣಸಿನಕಾಯಿ ಓದಮ್ಮನ ಕಡೆ ತಿರುಗಿದಳು. “ಏನೋ ಬಾಯಿಗೆ ಬಂದದ್ದು ಅಂದೆ. ನನ್ನ ಮಾತು ನನ್ನ ಗಂಡಾನೇ ಕೇಳಲ್ಲ, ನೀನು ಯಾಕೆ ಕೇಳೋಕೆ ಹೋದೆ? ತೆಗಿ ಆ ಪುಟ. ಅವಳಿಗೆ ಜ್ವರ ಬಂತು. ಸರಿ. ಆ ಜ್ವರದಲ್ಲಿ ಅವಳಿಗೆ ನೀರು ಕೊಟ್ಟೋರು ಯಾರು?”

ಓದಮ್ಮ ಪುಟ ತೆಗೆದಳು. ಅಲ್ಲಿದ್ದದ್ದು ಆ ಒಂದೇ ಸಾಲು. ಅವಳು ತಲೆಯೊಳಗೆ ಹುಡುಕಿದಳು. ಇಷ್ಟು ದಿನ ಅಕ್ಕನ ಕೈಯಲ್ಲಿ ಬೆಂಕಿ ಹಚ್ಚಿಸಿದ್ದಳು, ನೀರು ಹೊರಿಸಿದ್ದಳು, ಕರು ಹೊರಿಸಿದ್ದಳು. ಆ ಗಾಡಿಗಳಲ್ಲಿದ್ದ ಒಬ್ಬರ ಕೈಯಲ್ಲೂ ಅಕ್ಕನಿಗಾಗಿ ಏನನ್ನೂ ಮಾಡಿಸಿರಲಿಲ್ಲ. ಹಾಗೂ ಮಾಡಿಸಬಹುದು ಎನ್ನುವುದೇ ಅವಳಿಗೆ ಹೊಳೆದಿರಲಿಲ್ಲ.

“ಗೊತ್ತಿಲ್ಲ,” ಎಂದಳು.

“ಸರಿ, ನಾಳೆ ಹುಡುಕಿ ಓದು,” ಎಂದಳು ಮೆಣಸಿನಕಾಯಿ.

ಸಂಜೆ ಓದಮ್ಮ ಚಹಾಕ್ಕೆ ನೀರಿಡುವುದನ್ನೂ ಮರೆತು ಮಂಚದ ತುದಿಯಲ್ಲಿ ಕೂತಳು. ನೀರು ಕೊಡಲು ಅಕ್ಕನ ಬಳಿಗೆ ನಾಯಕಿ ತಂಗಿಯನ್ನು ಕಳಿಸಲು ನೋಡಿದಳು, ತಂಗಿಗೆ ಕಂಕುಳಲ್ಲಿ ಕೂಸು. ಸವಾರನನ್ನು ಕಳಿಸಲು ನೋಡಿದಳು, ಅವನು ಅಕ್ಕನ ಮುಖವನ್ನೇ ಸರಿಯಾಗಿ ನೋಡಿದವನಲ್ಲ. ಒಬ್ಬೊಬ್ಬರಿಗೂ ಬರದಿರಲು ಒಂದೊಂದು ನ್ಯಾಯವಾದ ಕಾರಣವಿತ್ತು. ಕಾರಣಗಳೆಲ್ಲ ಅವಳಿಗೆ ಬಾಯಿಪಾಠ. ಕೆಳಗೆ ಅಂಗಡಿಯವನು ಬಾಗಿಲು ಎಳೆದುಕೊಂಡು ಹೋದ. ಕಿಟಕಿಯಾಚೆ ಕತ್ತಲಾಯಿತು. ಬಯಲಿನಲ್ಲಿ ಅಕ್ಕ ಒಬ್ಬಳೇ ಮಲಗಿದ್ದಳು, ಗಾಡಿಗಳ ಸದ್ದು ದೂರವಾಗುತ್ತಿತ್ತು.

ಆಗ ಆ ಗಾಡಿಗಳಲ್ಲೊಂದು ನಿಂತಿತು. ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ ಹೆಂಗಸೊಬ್ಬಳು ಧಡಕ್ಕನೆ ಕೆಳಗಿಳಿದು, ಕೈಯಲ್ಲಿ ತಂಬಿಗೆ ಹಿಡಿದು, ಬಂದ ದಾರಿಯಲ್ಲೇ ಬಯ್ಯುತ್ತ ಬಯ್ಯುತ್ತ ಹಿಂದಕ್ಕೆ ನಡೆದು ಬಂದಳು.

“ಜ್ವರ ಬಂದ್ರೆ ಹೇಳೋಕೆ ಬಾಯಿ ಇಲ್ವೇನೇ ನಿನಗೆ?” ಎಂದು ಓದಮ್ಮ ಗೋಡೆಗೆ ಗಟ್ಟಿಯಾಗಿ ಹೇಳಿದಳು. ಅಷ್ಟು ಹೇಳಿ, ಮುಖ ಮುಚ್ಚಿಕೊಂಡು ಅತ್ತಳು.