ಕೈಯಲ್ಲಿಲ್ಲದ ಪಟ್ಟಿಯ ಮಿಡಿತ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದುದು, "ಊಟ ಏನು ಮಾಡಿದ್ರಿ?" ಎಂದು. ಅಜೀರ್ಣಕ್ಕೂ ಅದ್ಭುತಕ್ಕೂ ಹತ್ತಿರದ ನಂಟು ಎಂದೇ ನಂಬಿದ್ದೆ. ಈಗ ಹಾಗೆ ಕೇಳುವ ಧೈರ್ಯ ಉಳಿದಿಲ್ಲ.

ನಾನು ಹುಟ್ಟಾ ಗಾಬರಿಯ ಮನುಷ್ಯ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಳ್ಳಾರಿಯ ಬ್ರೂಸ್‌ಪೇಟೆಯವರೆಗೆ ಹೋಗಿ ಮನೆಗೆ ಓಡಿ ಬಂದವನು. ನಿದ್ದೆಯೂ ಕೆಟ್ಟಿದ್ದರಿಂದ ಹೆಂಡತಿ ಕೈಗೆ ಕಟ್ಟುವ, ಬ್ಯಾಟರಿಯ ಒಂದು ಪಟ್ಟಿ ತರಿಸಿಕೊಟ್ಟಳು. ಅದು ಮಣಿಕಟ್ಟಿನಲ್ಲಿ ಮೆಲ್ಲಗೆ ತಟ್ಟುತ್ತಿರುತ್ತದೆ. ಆ ತಾಳಕ್ಕೆ ಉಸಿರು ನಿಧಾನವಾಗಿ ಮನಸ್ಸು ತಣ್ಣಗಾಗಬೇಕು. ನನಗೆ ಮಾತ್ರ, ಇದು ಕೆಟ್ಟು ಕರೆಂಟು ಹೊಡೆದರೆ ಎಂಬ ಹೊಸ ಚಿಂತೆ ಸೇರಿಕೊಂಡಿತು.

ಒಂದು ಬೇಸಿಗೆಯಲ್ಲಿ ಬಳ್ಳಾರಿಯಿಂದ ಸಿರುಗುಪ್ಪದ ಅಕ್ಕನ ಮನೆಗೆ ಹೊರಟೆ. ಬಸ್ಸು ಕುರುಗೋಡು ದಾಟಿದ ಮೇಲೆ ನೋಡಿಕೊಂಡರೆ ಕೈ ಬೋಳು. ಫೋನಿನಲ್ಲಿ ಹೆಂಡತಿ ನಕ್ಕಳು: "ಇಲ್ಲೇ ಐತಿ ಬಿಡ್ರಿ. ಮಧ್ಯಾಹ್ನ ನಾನೇ ಕಟ್ಕೊಂಡು ಮಲಗ್ತೀನಿ. ನೀವಿಲ್ಲದ ಮನಿಯಾಗ ನಿದ್ದಿ ತಾನಾ ಬರ್ತೈತಿ, ಆದ್ರೂ ನೋಡೋಣ."

ಊಟ ಮುಗಿಸಿ ಭಾವನ ಜೊತೆ ಅವರ ಭತ್ತ ಹೇರಿಕೊಂಡು ಅಕ್ಕಿ ಗಿರಣಿಗೆ ಹೋದೆ. ಭತ್ತ ಹೊತ್ತ ಟ್ರ್ಯಾಕ್ಟರು, ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಸರದಿ ಬರುವವರೆಗೆ ಲಾರಿಯಡಿಯ ನೆರಳಿನಲ್ಲಿ ಟವೆಲ್ ಹಾಸಿ ಮಲಗುವುದು ಅಲ್ಲಿಯ ರೂಢಿ.

"ಲಾರಿ ಹೊಂಟುಬಿಟ್ರ?" ಎಂದೆ.

"ಸಾಲು ಸರಿಯಾಕ ಸಂಜಿ ಆಗ್ತೈತಲೇ. ನಿನ್ನ ಮಾತು ಕೇಳಿದ್ರ ಹುಟ್ಟಾಕೂ ಅಂಜಬೇಕು" ಎಂದ ಭಾವ, ಮುಂದಿನ ಲಾರಿಯಡಿ ನುಸುಳಿ ಗೊರಕೆ ಶುರುಮಾಡಿದರು. ನಾನು ಗೋಡೆ ಬದಿಯ ಬೇವಿನ ಕೆಳಗೆ ಒರಗಿದೆ.

ಕಣ್ಣು ಹತ್ತಿತ್ತೇನೋ. ಬೋಳು ಮಣಿಕಟ್ಟಿನಲ್ಲಿ ತಟ್ಟತೊಡಗಿತು. ಅದೇ ನಿಧಾನ, ಅದೇ ತಾಳ. ನೋಡಿದರೆ ಕೈಯಲ್ಲಿ ಏನೂ ಇಲ್ಲ. ಇಂಥ ಹೊತ್ತಿನಲ್ಲಿ ನಾನು ಗಿರಣಿಯ ಮಂದಿಯೆಲ್ಲ ಓಡಿ ಬರುವಂತೆ ಕಿರುಚಬೇಕಿತ್ತು. ಕಿರುಚಲಿಲ್ಲ. ಎದ್ದು, ಅವಸರವಿಲ್ಲದೆ ಲಾರಿಯತ್ತ ನಡೆದೆ. ಏಕೆಂದು ಗೊತ್ತಿರಲಿಲ್ಲ. ಬಗ್ಗಿ ಭಾವನ ಎರಡೂ ಕಾಲು ಹಿಡಿದು, ನಿದ್ದೆ ಕೆಡದಂತೆ ಮೆಲ್ಲಗೆ ಎಳೆಯತೊಡಗಿದೆ. ಅರ್ಧ ಮೈ ಹೊರಬಂದಾಗ ಲಾರಿ ಗುರುಗುಟ್ಟಿತು. ಕೈಯಲ್ಲಿನ ತಾಳ ಬದಲಾಗಲಿಲ್ಲ. ನಾನೂ ಅದೇ ನಿಧಾನದಲ್ಲಿ ಎಳೆಯುತ್ತಲೇ ಇದ್ದೆ. ತಲೆ ಈಚೆ ಬಂತು. ಹಿಂದಿನ ಚಕ್ರ ಅವರು ಮಲಗಿದ್ದ ಟವೆಲ್ಲಿನ ಮೇಲೆ ಉರುಳಿತು.

"ಏನಲೇ ಇದು..." ಎಂದು ರೇಗಲು ಹೋದ ಭಾವ ಟವೆಲ್ ಮೇಲಿನ ಚಕ್ರದ ಗುರುತು ನೋಡಿ ಎದ್ದು ಕೂತರು. ಆಮೇಲೆ ಗಡಗಡ ನಡುಗಿದವನು ನಾನು. ನೀರು ಕುಡಿಸಿದವರು ಅವರು.

ಸಂಜೆ ಹೆಂಡತಿಯ ಫೋನು: "ನಿಮ್ಮ ಪಟ್ಟಿ ಕೆಟ್ಟೈತಿ ನೋಡ್ರಿ. ಮಧ್ಯಾಹ್ನ ಕಟ್ಕೊಂಡು ಮಲಗಿದ್ದೆ, ಇನ್ನೇನು ಕಣ್ಣು ಹತ್ತಬೇಕು, ಬಡಿಯೋದು ನಿಂತುಬಿಡ್ತು. ಸ್ವಲ್ಪ ಹೊತ್ತಿಗೆ ತಾನಾ ಚಾಲೂ ಆತು."

ಕಾಕತಾಳೀಯ ಎನ್ನಿ, ಮೈಗಂಟಿದ ಅಭ್ಯಾಸ ಎನ್ನಿ. ನಾನೂ ಹಾಗೆ ಹೇಳಿಕೊಂಡು ನೋಡಿದ್ದೇನೆ. ಆದರೆ ನನ್ನ ಸ್ವಭಾವದಂತೆ ಕಿರುಚಿದ್ದರೆ ಭಾವ ಬೆಚ್ಚಿ ಎದ್ದು, ತಲೆಯನ್ನು ಮೇಲಿನ ಕಬ್ಬಿಣಕ್ಕೆ ಬಡಿದುಕೊಂಡು ಅಲ್ಲೇ ಬೀಳುತ್ತಿದ್ದರು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಗಾಬರಿಯಾಗದೆ ನಡೆದು ಹೋದ ಆ ಮನುಷ್ಯ ಯಾರೆಂದು ನನಗೆ ಇನ್ನೂ ತಿಳಿದಿಲ್ಲ.